ಮುಯ್ಯಿ ಪಾತ್ರೆಗಳು ತೇಲಿದ ಊರು

ನಮ್ಮೂರಿನಲ್ಲಿ ಮನೆಗೆ ಬಂದ ನೆಂಟರು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರನ್ನು. ಬಳಸದೆ ಬಿಟ್ಟ ಸಾಮಾನು ನಮ್ಮಲ್ಲಿ ಸುಮ್ಮನೆ ಕೂರುವುದಿಲ್ಲ. ದಿನ ಕಳೆದ ಹಾಗೆ ತೂಕ ಬಿಟ್ಟು ಮೇಲೇಳುತ್ತದೆ. ಮೊದಲು ನೆಲದಿಂದ ಒಂದು ಬೆರಳು, ಆಮೇಲೆ ಮಂಡಿಯ ಮಟ್ಟ, ಸೊಂಟದ ಮಟ್ಟ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಜಂತೆಗೆ ತಲೆ ತಾಗಿಸಿಕೊಂಡು ತೂಗಾಡುತ್ತಿರುತ್ತದೆ. ಬೇರೆ ಊರುಗಳಲ್ಲಿ ಮನೆಗೊಂದು ಪೊರಕೆ ಇರುವ ಹಾಗೆ ನಮ್ಮಲ್ಲಿ ಮನೆಗೊಂದು ದೋಟಿ. ಬೇರೆಯವರು ದೋಟಿಯಿಂದ ಮಾವಿನಕಾಯಿ ಕೀಳುತ್ತಾರಂತೆ. ನಾವು ಚಕ್ಕುಲಿ ಒರಳು ಕೀಳುತ್ತೇವೆ. ಗೌರಿಹಬ್ಬ ಹತ್ತಿರ ಬಂತೆಂದರೆ ಮನೆಮನೆಯಿಂದಲೂ "ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ಎಡ ಅಲ್ವೋ, ಒರಳಿನ ಎಡ!" ಎಂಬ ಕೂಗು ಕೇಳಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಹುಡುಗರ ಪುಸ್ತಕಗಳು ಬೆಳ್ಳಕ್ಕಿ ಹಿಂಡಿನಂತೆ ಏಳುತ್ತವೆ. ನನ್ನ ಡಿಗ್ರಿ ಪುಸ್ತಕಗಳು ಪರೀಕ್ಷೆಗೆ ಮುಂಚೆಯೇ ಮೇಲೆ ಹೋಗಿದ್ದವು. ಹಾರಿಕೆಯ ಉತ್ತರ ಬರೆಯುವುದನ್ನು ನಾನು ಕಲಿತದ್ದೇ ಅವುಗಳಿಂದ.

ಕೆಲವನ್ನು ಮಾತ್ರ ಯಾರೂ ಹಾರಲು ಬಿಡುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ನಶ್ಯದ ಡಬ್ಬಿಯನ್ನು ಅಮ್ಮ ದಿನಾ ಒಮ್ಮೆ ತೆರೆದು, ಒಂದು ಸೀನು ಸೀನಿ, ಮುಚ್ಚಿಡುತ್ತಾಳೆ. ಡಬ್ಬಿ ಗೂಡಿನಲ್ಲಿ ಗಟ್ಟಿಯಾಗಿ ಕೂತಿದೆ. ಮಿಕ್ಕದ್ದರ ವಿಷಯದಲ್ಲಿ ಎಲ್ಲರಿಗೂ ಒಂದಿಷ್ಟು ನಾಚಿಕೆ. ಅದಕ್ಕೇ ಅನುಕೂಲಸ್ಥರು ನಡುಮನೆಗೆ ಬಣ್ಣದ ಬಟ್ಟೆಯ ಮೇಲ್ಕಟ್ಟು ಬಿಗಿಯುತ್ತಾರೆ. ಅದರಾಚೆ ಏನು ತೇಲುತ್ತಿದೆಯೋ ನೆಂಟರಿಗೆ ಕಾಣದು. ಆದರೆ ಗಾಳಿ ಬೀಸಿತೋ, ಮೇಲಿನಿಂದ ಟಿಣ್ ಟಿಣ್ ಎನ್ನುತ್ತದೆ. ಮನೆಯವರು ಕೆಮ್ಮುತ್ತಾರೆ. ನೆಂಟರು ಹವಾಮಾನದ ಮಾತು ತೆಗೆಯುತ್ತಾರೆ.

ನಮ್ಮಮ್ಮ ಪುಟ್ಟತಾಯಮ್ಮನದು ಶುಕ್ರವಾರದ ಸಂತೆಯಲ್ಲಿ ಪಾತ್ರೆ ಅಂಗಡಿ. ಅಕ್ಕನನ್ನೂ ನನ್ನನ್ನೂ ಓದಿಸಿದ್ದು ಆ ಅಂಗಡಿಯೇ. ಅಮ್ಮನಿಗೆ ಪಾತ್ರೆ, ನನಗೆ ಪಾತ್ರ: ಗಣಪತಿ ಪೆಂಡಾಲಿನಲ್ಲಿ ಊರವರ ಧ್ವನಿ ಅಣಕಿಸಿ ಚಪ್ಪಾಳೆ ಗಿಟ್ಟಿಸುವುದು ನನ್ನ ಕಸುಬಲ್ಲದ ಕಸುಬು. ಅಕ್ಕನ ಹೆಸರು ಸುಲೋಚನ. ಹೆಸರು ಮೊದಲು ಬಂತು, ಕನ್ನಡಕ ಆಮೇಲೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಾಳೆ. ಊರವರ ಬಾಯಲ್ಲಿ ಅದು "ಅನ್ನ ಬೇಯ್ಸೋ ಬಿ.ಎಸ್ಸಿ."

ತಂಟೆ ಶುರುವಾದದ್ದು ಕಾಂಪೌಂಡರ್ ಹೆಂಡತಿ ದೇವಕಮ್ಮನ ಮನೆಯಲ್ಲಿ. ಮೇಲ್ಕಟ್ಟಿನಾಚೆ ವರ್ಷಗಳಿಂದ ಸೇರಿದ್ದ ಸಾಮಾನೆಲ್ಲ ಒಟ್ಟಾಗಿ ಒತ್ತಿ, ಒಂದು ಮಧ್ಯಾಹ್ನ ಹೆಂಚು ಎಬ್ಬಿಸಿಬಿಟ್ಟಿತು. ಒಂದು ಹಂಡೆ ಮೋಡದ ಕಡೆಗೆ ಹೊರಟುಹೋಯಿತು. ಹೆಂಚುಗಳು ಕೆಳಗೆ ಬಂದವು, ಬಂದದ್ದು ಪುರಸಭೆ ಅಧ್ಯಕ್ಷ ಬೋರಲಿಂಗಯ್ಯನವರ ಜೀಪಿನ ಗಾಜಿನ ಮೇಲೆ. ಮಾರನೆಯ ದಿನವೇ ಅವರು ಪುರಸಭೆ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು.

"ನಾನೇನ್ ಹೇಳೋಕ್ ಬಂದೆ ಅಂದ್ರೆ, ಊರಿಗೆ ಕೊಳ್ಳೋ ರೋಗ ಬಂದಿದೆ. ರೋಗದ ಬೇರು ಎಲ್ಲಿದೆ ಅಂದ್ರೆ ಸಂತೇಲಿದೆ. ದೀಪಾವಳಿ ಆದ್ಮೇಲೆ ಸಂತೇಲಿ ಸೊಪ್ಪು ತರಕಾರಿ ಬಿಟ್ರೆ ಇನ್ನೇನೂ ಮಾರೋ ಹಾಗಿಲ್ಲ. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಏನ್ ಮಾಡ್ಬೇಕು ಅಂದ್ರೆ, ಸಭೇಗ್ ಬಂದು ಹೇಳ್ಬೇಕು."

ನಾನು ಮನೆಗೆ ಬಂದು ಅವರ ಹೊಟ್ಟೆಯನ್ನೂ ಸೇರಿಸಿ ಇಡೀ ಭಾಷಣವನ್ನು ಮಾಡಿ ತೋರಿಸಿದೆ. ಅಮ್ಮ ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಹಾಗಾದ್ರೆ ನನ್ನ ಅಂಗಡಿ?" ಎಂದಳು.

ಅಕ್ಕ ಕನ್ನಡಕ ಏರಿಸಿಕೊಂಡಳು. "ಕೊಳ್ಳೋ ರೋಗ ಅಂತ ನಾಡಿ ಹಿಡಿದು ನೋಡಿದೋರು ಯಾರು? ಮೇಲ್ಕಟ್ಟಿನ ಮೇಲೆ ಏನಿದೆ ಅಂತ ಒಬ್ರಾದ್ರೂ ನೋಡಿದಾರಾ? ನಾನು ನೋಡ್ತೀನಿ. ನೀನು ದೋಟಿ ಹಿಡ್ಕೊಂಡ್ ಬಾ."

ಹೀಗೆ ನಾನು ಊರಿನ ಮೊದಲ ಸಂಶೋಧನಾ ಸಹಾಯಕನಾದೆ. ಕೆಲಸ: ದೋಟಿ ಹೊರುವುದು, ಬಾಯಿ ಮುಚ್ಚಿಕೊಂಡಿರುವುದು. ಎರಡನೆಯದು ಭಾರ.

ಮೊದಮೊದಲು ಅಕ್ಕ ಪ್ರಶ್ನೆ ಕೇಳಿದಳು. ಮನೆಯಲ್ಲಿ ಏನೇನು ಬಳಸುತ್ತೀರಿ, ಏನೇನು ಬಳಸುವುದಿಲ್ಲ? ಪ್ರತಿ ಮನೆಯಲ್ಲೂ ಒಂದೇ ಉತ್ತರ: "ಎಲ್ಲಾನೂ ಬಳಸ್ತೀವಮ್ಮ, ಸುಮ್ಮನೆ ಯಾರು ಇಟ್ಕೊಳ್ತಾರೆ?" ಮೇಲಿನಿಂದ ಟಿಣ್. "ಅದು ಇಲಿ."

ಬೀದಿ ಮುಗಿಯುವಷ್ಟರಲ್ಲಿ ಅಕ್ಕ ಕೇಳುವುದನ್ನೇ ಬಿಟ್ಟಳು. ಒಲೆ ಹಚ್ಚುವ ಹೊತ್ತಿಗೆ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕೂತು, ಊಟ ಬಡಿಸುವವರೆಗೂ ಅಡುಗೆ ಮಾಡುವವರ ಕೈಯನ್ನೇ ನೋಡತೊಡಗಿದಳು. "ಬಾಯಿ ಮರ್ಯಾದೆ ಉಳಿಸ್ಕೊಳ್ಳುತ್ತೆ ಕಣೋ, ಕೈಗೆ ಅಷ್ಟು ಪುರುಸೊತ್ತಿರಲ್ಲ" ಎಂದಳು ನನಗೆ. ನಿಜವೇ. ಬಡವರ ಮನೆಯಿರಲಿ, ಮೇಲ್ಕಟ್ಟಿನ ಮನೆಯಿರಲಿ, ಕೈ ಹೋಗುತ್ತಿದ್ದದ್ದು ಅದೇ ತಳ ಕಪ್ಪಾದ ಅನ್ನದ ಪಾತ್ರೆಗೆ, ಅದೇ ನೆಗ್ಗಿದ ಸಾರಿನ ಪಾತ್ರೆಗೆ, ಅಂಚು ಸವೆದ ಕಾವಲಿಗೆ. ಅವನ್ನೆಲ್ಲ ಆ ಹೆಂಗಸರು ತಾವೇ ಸಂತೆಯಲ್ಲಿ ಬಡಿದು ನೋಡಿ, ಚೌಕಾಸಿ ಮಾಡಿ, ಜಗಳವಾಡಿ ಕೊಂಡಿದ್ದರು. ಒಂದೂ ನೆಲ ಬಿಟ್ಟಿರಲಿಲ್ಲ.

ಹಾಗಾದರೆ ಮೇಲಿರುವುದು ಏನು? ದೇವಕಮ್ಮನ ಮನೆಯಲ್ಲಿ ಹೇಗೂ ಹೆಂಚು ಹೋಗಿತ್ತು, ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ದೋಟಿಯಿಂದ ಒಂದು ಪಳಪಳ ಹೊಳೆಯುವ ಪಾತ್ರೆಯನ್ನು ಇಳಿಸಿದೆ. ಅಕ್ಕ, "ಇದು ಮನೆಗೆ ಹೇಗೆ ಬಂತು ದೇವಕಮ್ಮ?" ಎಂದಳು. ದೇವಕಮ್ಮ ಸೆರಗು ತಿರುಚುತ್ತಾ ನಿಂತಳು. ನನಗೆ ತಡೆಯಲಾಗಲಿಲ್ಲ. ಮದುವೆ ಮನೆಯ ಹೆಂಗಸಿನಂತೆ ಕತ್ತು ಕೊಂಕಿಸಿ, ಮೂಗಿನಲ್ಲಿ ಅಂದೆ:

"ಅಯ್ಯೋ, ಇಟ್ಕೊಳ್ರೀ, ಏನ್ ಮಹಾ! ನಿಮ್ಮನೆ ಮುಯ್ಯಿ ನಾವು ಇಟ್ಕೊಂಡ್ ಇರೋಕಾಗತ್ಯೇ? ನಮ್ಮೋರು ಬೈತಾರೆ!"

ದೇವಕಮ್ಮ ನಕ್ಕು ನಕ್ಕು ಗೋಡೆಗೊರಗಿದಳು. "ಥೂ ನಿನ್ನ! ಥೇಟು ನಮ್ಮ ಓರಗಿತ್ತಿ!" ನಗು ನಿಲ್ಲುವ ಮೊದಲೇ ಮಾತು ಕಟ್ಟೆಯೊಡೆಯಿತು. ಇದು ಆ ಮದುವೆಯದು, ಅದು ಈ ನಾಮಕರಣದ್ದು, ಅಗೋ ಆ ಮೂಲೆಯದು ಸೀಮಂತದ್ದು. ಕೊಟ್ಟವರಿಗೂ ಬೇಕಿರಲಿಲ್ಲ, ಇವಳಿಗೂ ಬೇಕಿರಲಿಲ್ಲ. ಆದರೆ ಮುಯ್ಯಿ ಮುಯ್ಯಿಯೇ. ಅವರು ಮಾಡಿದ ಉಡುಗೊರೆಗೆ ಅವರ ಮನೆಯ ಕಾರ್ಯದಲ್ಲಿ ಸಮನಾದದ್ದನ್ನು ಮಾಡದಿದ್ದರೆ ಮುಖ ಎತ್ತಿಕೊಂಡು ತಿರುಗುವಂತಿಲ್ಲ. ಅದಲ್ಲದೆ ನಮ್ಮೂರಿನಲ್ಲಿ ಕೈ ಬದಲಾದ ಸಾಮಾನಿಗೆ ಸ್ವಲ್ಪ ಕಾಲ ಮತ್ತೆ ತೂಕ ಬರುತ್ತದೆ. ಹಾಗಾಗಿ ತೇಲುತ್ತಿದ್ದದ್ದನ್ನೇ ಇಳಿಸಿ, ಒರೆಸಿ, ಇನ್ನೊಬ್ಬರ ಮದುವೆಗೆ ಕೊಡುತ್ತಾರೆ. ಹೊಲಿಸದ ರವಿಕೆ ಕಣಗಳಂತೂ ಊರನ್ನೆಲ್ಲ ಸುತ್ತಿ ಕೊಟ್ಟವಳ ಮಡಿಲಿಗೇ ಬಂದು ಬಿದ್ದ ಉದಾಹರಣೆಗಳಿವೆ. ಆಕೆ ಗುರುತು ಹಿಡಿದಳು. ಗುರುತು ಹಿಡಿದದ್ದನ್ನು ತೋರಿಸಿಕೊಳ್ಳಲಿಲ್ಲ. ಸಂಸ್ಕಾರ ಎಂದರೆ ಅದು.

ಆಮೇಲೆ ಪ್ರತಿ ಮನೆಯಲ್ಲೂ ಅಕ್ಕ ಕೈ ನೋಡುವುದು, ನಾನು ಬಾಯಿ ಬಿಡುವುದು, ಹೆಂಗಸರು ನಗುವುದು, ಮೇಲ್ಕಟ್ಟು ಬಿಚ್ಚುವುದು. ತೇಲುವುದರಲ್ಲಿ ಮುಕ್ಕಾಲು ಪಾಲು ಮುಯ್ಯಿಯದೇ ಎಂದು ತಿಳಿಯಿತು. ಅಮ್ಮನ ಅಂಗಡಿ ಬದುಕಿತು ಎಂದು ನಾನು ಕುಣಿದೆ. ಅಕ್ಕ ಕುಣಿಯಲಿಲ್ಲ. ಇನ್ನೊಮ್ಮೆ ದೇವಕಮ್ಮನ ಮನೆಗೆ ಹೋಗಿ ಒಂದೇ ಮಾತು ಕೇಳಿದಳು.

"ಹೇಗೂ ಬಂದಿದೆಯಲ್ಲ, ಇದನ್ನೇ ಬಳಸಬಾರ್ದಾ? ನಿಮ್ಮ ಸಾರಿನ ಪಾತ್ರೆ ನೆಗ್ಗಿ ಸೊಟ್ಟ ಆಗಿದೆ."

"ಬಳಸೋಕ್ ಹೋಗಿದ್ದೆ ಕಣಮ್ಮ. ಹಾಲಿಟ್ಟೆ. ಹಾಲು ಉಕ್ಕೋದ್ರೊಳಗೆ ತಳ ಉಬ್ಬಿ ಬುಗುರಿ ಥರ ತಿರುಗ್ತು." ದೇವಕಮ್ಮ ಪಾತ್ರೆಯನ್ನು ಬೆರಳಿನಿಂದ ಅದುಮಿದಳು, ಅದು ಒಳಕ್ಕೆ ಹೋಗಿ ಹೊರಕ್ಕೆ ಬಂತು. "ಇದು ಕಾಸೋ ಪಾತ್ರೆ ಅಲ್ಲ, ಕೊಡೋ ಪಾತ್ರೆ."

ಅಕ್ಕ ನನ್ನ ಮುಖ ನೋಡಿದಳು, ನಾನು ದೋಟಿಯ ತುದಿ ನೋಡಿದೆ. ನಮ್ಮಿಬ್ಬರಿಗೂ ಅದರ ಹೆಸರು ಗೊತ್ತಿತ್ತು. ಪಾತ್ರೆ ವ್ಯಾಪಾರದಲ್ಲಿ ಅದನ್ನು ಮುಯ್ಯಿ ಮಾಲು ಎನ್ನುತ್ತಾರೆ: ಮೈ ತೆಳ್ಳಗೆ, ಹೊಳಪು ಜಾಸ್ತಿ, ಒಲೆಗೆ ತಡೆಯದು. ಸಂತೆಯಲ್ಲಿ ಅದು ಅತಿ ಹೆಚ್ಚು ಹೋಗುತ್ತಿದ್ದದ್ದು ಪುಟ್ಟತಾಯಮ್ಮನ ಅಂಗಡಿಯಲ್ಲಿ.

ಆ ದಿನ ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುತ್ತಿದ್ದಳು. ಅಕ್ಕ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಂಡದ್ದನ್ನೆಲ್ಲ ಹೇಳಿದಳು.

"ಜನ ಕೇಳ್ತಾರೆ, ಕೊಡ್ತೀನಿ" ಎಂದಳು ಅಮ್ಮ. "ಮದ್ವೆಗೆ ಬೇಕು, ಹೊಳೀಬೇಕು, ಕೈಗೆಟುಕೋ ಹಾಗಿರ್ಬೇಕು ಅಂತಾರೆ. ನಾನೇನು ಕದ್ದು ಮಾರಿದ್ನೇನೇ?"

"ಕದ್ದಿಲ್ಲಮ್ಮ. ಹೇಳ್ಲಿಲ್ಲ ಅಷ್ಟೇ. ಒಲೆಗೆ ತಡೆಯಲ್ಲ ಅಂತ ನಿಂಗೆ ಗೊತ್ತು, ಕೊಂಡೋರಿಗೂ ಗೊತ್ತು. ಮನೇಲಿಟ್ಕೊಂಡು ಹಾಲು ಚೆಲ್ಕೊಳ್ಳೋರಿಗೆ ಮಾತ್ರ ಗೊತ್ತಿಲ್ಲ."

"ಇದನ್ನ ಸಭೇಲೂ ಹೇಳ್ತೀಯಾ?"

"ಹೇಳ್ದೆ ಬಿಟ್ರೆ ನಾನು ನೋಡಿದ್ದು ಅರ್ಧ ಆಗುತ್ತೆ."

"ಅಂಗಡಿ ಉಳಿಸ್ತೀನಿ ಅಂತ ಹೊರಟೋಳು ಅಂಗಡಿ ಬಾಗಿಲಿಗೇ ಮುಳ್ಳು ಹಾಕ್ತೀಯ. ಓದ್ಸಿದ್ದಕ್ಕೆ ಚೆನ್ನಾಗಿ ಮುಯ್ಯಿ ತೀರಿಸ್ದೆ ಬಿಡು" ಎಂದು ಅಮ್ಮ ಪಾತ್ರೆ ಬೋರಲು ಹಾಕಿ ಎದ್ದುಹೋದಳು.

ಅಲ್ಲಿಂದ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಗಂಟಲಿನಿಂದಲೇ ಓಡಾಡಿತು. "ಊಟಕ್ ಬಾ ಅನ್ನು ನಿಮ್ಮಕ್ಕಂಗೆ" ಎನ್ನುತ್ತಿದ್ದಳು ಅಮ್ಮ. ನಾನು ಹೋಗಿ ಅಮ್ಮನ ಧ್ವನಿಯಲ್ಲೇ, ಅದೇ ಬಿಗಿಯಲ್ಲೇ ಹೇಳುತ್ತಿದ್ದೆ. ಅಕ್ಕನಿಗೆ ನಗುವೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಸಭೆಯ ದಿನ ಬೆಳಿಗ್ಗೆ ಅವಳು ನನಗೊಂದು ಶರತ್ತು ಹಾಕಿದಳು: ಒಳಗೆ ಯಾರನ್ನೂ ಅಣಕಿಸಕೂಡದು. "ಹೆಸರು ಹೇಳಲ್ಲ ಅಂತ ಆ ಹೆಂಗಸರಿಗೆ ಮಾತು ಕೊಟ್ಟಿದೀನಿ. ನೀನು ಒಬ್ಬರ ದನಿ ತೆಗೆದ್ರೂ ಹೆಸರು ಕೂಗಿದ ಹಾಗೇ." ಜೀವಮಾನದಲ್ಲಿ ಅಂಥ ಉಪವಾಸ ನಾನು ಮಾಡಿದ್ದಿಲ್ಲ.

ಆದರೆ ಹೆಸರು ಮುಚ್ಚಿಡುವ ತಾಪತ್ರಯವನ್ನು ಆ ಹೆಂಗಸರೇ ತಪ್ಪಿಸಿದರು. ಒಂದೊಂದು ಮನೆಯಿಂದ ಒಬ್ಬೊಬ್ಬರು ತಮ್ಮ ಮನೆಯ ತೇಲುವ ಸಾಮಾನಿಗೆ ಹುರಿ ಕಟ್ಟಿಕೊಂಡು, ಹುರಿಯನ್ನು ಬಳೆಗೆ ಸಿಕ್ಕಿಸಿಕೊಂಡು ಪೇಟೆಬೀದಿಯಲ್ಲಿ ನಡೆದು ಬಂದರು. ಅವರ ತಲೆಯ ಮೇಲೆ ಸ್ಟೀಲು ಪಾತ್ರೆಗಳು, ಗಾಜಿನ ಸೆಟ್ಟುಗಳು, ರವಿಕೆ ಕಣಗಳು ಬಿಸಿಲಿನಲ್ಲಿ ಮಿರಿಮಿರಿ ಮಿಂಚುತ್ತಾ ಬರುತ್ತಿದ್ದರೆ, ಸೆಲೂನಿನಲ್ಲಿ ಅರ್ಧ ಕ್ಷೌರವಾದವರೆಲ್ಲ ಸೋಪಿನ ಮುಖದಲ್ಲೇ ಹೊರಗೆ ಬಂದರು. ನಮ್ಮೂರು ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ದೊಡ್ಡ ಗೊಂಚಲು ಹಿಡಿದುಕೊಂಡು ಬಂದವರು ಬೋರಲಿಂಗಯ್ಯನವರ ಹೆಂಡತಿ ಚಂದ್ರಮತಮ್ಮ.

"ನೀನ್ಯಾಕ್ ಬಂದೆ?" ಎಂದರು ಅಧ್ಯಕ್ಷರು, ಪೀಠಿಕೆಯನ್ನೇ ಮರೆತು.

"ಮೇಲ್ಕಟ್ಟು ಬಿಚ್ಚಿದೆ. ಇವು ಹೊರಟ್ವು. ಹಿಡ್ಕೊಂಡಿದ್ದೆ, ನಾನೂ ಬಂದೆ" ಎಂದರು ಚಂದ್ರಮತಮ್ಮ, ಗೊಂಚಲನ್ನು ಅಧ್ಯಕ್ಷರ ಕುರ್ಚಿಯ ಕೈಗೇ ಕಟ್ಟುತ್ತಾ.

ಅಕ್ಕ ಭಾಷಣ ಮಾಡಲಿಲ್ಲ. "ನೀವೇ ನಿಮ್ಮ ಮನೆಗೆ ಅಂತ ಕೊಂಡಿದ್ದನ್ನ ಎಡಗಡೆ ಬಿಡಿ. ಮುಯ್ಯಿಗೆ ಬಂದದ್ದನ್ನ ಬಲಗಡೆ ಬಿಡಿ" ಎಂದಳು. ಹುರಿಗಳು ಬಿಚ್ಚಿದವು. ಎಡಗಡೆಯ ಸೂರಿಗೆ ಒಂದು ಮೂಸಂಬಿ ಹಿಂಡುವ ಯಂತ್ರ, ಒಂದಿಷ್ಟು ಚಿಲ್ಲರೆ ಸಾಮಾನು ಹೋಗಿ ಕೂತವು. ಬಲಗಡೆಯ ಸೂರು ಕಾಣದೇ ಹೋಯಿತು. ಫ್ಯಾನು ನಿಲ್ಲಿಸಬೇಕಾಯಿತು.

ಬೋರಲಿಂಗಯ್ಯ ದಡ್ಡರಲ್ಲ. ಬಲಗಡೆಯ ಸೂರನ್ನು ಬಹಳ ಹೊತ್ತು ನೋಡಿ, "ನಾನೇನ್ ಕೇಳೋಕ್ ಬಂದೆ ಅಂದ್ರೆ, ಮುಯ್ಯಿಗೆ ಕೊಟ್ಟೋರು ಇದನ್ನ ಎಲ್ಲಿಂದ ತಂದ್ರಮ್ಮ? ಸಂತೆಯಿಂದ ತಾನೇ? ಸಂತೇಲೂ ಎಲ್ಲಿಂದ ಅಂದ್ರೆ, ನಿಮ್ಮಮ್ಮನ ಅಂಗಡಿಯಿಂದ?" ಎಂದರು.

ಸಭೆ ಹಿಂದಕ್ಕೆ ತಿರುಗಿತು. ಹಿಂದಿನ ಬೆಂಚಿನಲ್ಲಿ ಅಮ್ಮ ಸೆರಗು ಹೊದ್ದು ಕೂತಿದ್ದಳು.

"ಹೌದು ಸಾರ್, ನಮ್ಮಮ್ಮನ ಅಂಗಡಿಯಿಂದ" ಎಂದಳು ಅಕ್ಕ. "ಆ ಅಂಗಡಿ ಅನ್ನ ತಿಂದೇ ನಾನು ಇಲ್ಲಿ ನಿಂತಿರೋದು. ಅದಕ್ಕೇ ಹೇಳ್ತೀನಿ. ಇವೆಲ್ಲ ಒಲೆಗೆ ತಡೆಯದ ಪಾತ್ರೆ. ಬಳಸೋಕೆ ಅಂತ ಮಾಡಿದ್ದೇ ಅಲ್ಲ. ಸಂತೆ ಮುಚ್ಚಿದ್ರೆ ಮುಯ್ಯಿ ನಿಲ್ಲಲ್ಲ, ಜನ ಬೇರೆ ಊರಿಂದ ತರ್ತಾರೆ. ನಿಲ್ಲೋದು ಯಾವುದು ಅಂದ್ರೆ, ದಿನಾ ಅನ್ನ ಬೇಯೋ ಪಾತ್ರೆ, ಈ ತಾಯಂದಿರು ಬಡಿದು ನೋಡಿ ತರೋ ಪಾತ್ರೆ. ಹಾಗೆ ಮಾಡ್ಬೇಡಿ. ಮಾರೋರು ಅಂಗಡೀಲೇ ಒಲೆ ಹಚ್ಚಿ, ಬೇಯ್ಸಿ ತೋರಿಸಿ ಮಾರಲಿ. ಬೇಯಲ್ಲ ಅಂದ್ರೆ ಬೇಯಲ್ಲ ಅಂತ ಮುಖಕ್ಕೆ ಹೇಳಲಿ. ಇನ್ನು ಮುಯ್ಯಿನ ಅಕ್ಕಿ ಬೇಳೇಲಿ ತೀರಿಸ್ಬಹುದು, ಹಳೇ ಪಾತ್ರೆಗೆ ಕಲಾಯಿ ಹಾಕಿಸಿ ತೀರಿಸ್ಬಹುದು, ಮದ್ವೆ ಮನೇಲಿ ಒಂದು ದಿನ ದುಡಿದೂ ತೀರಿಸ್ಬಹುದು. ನಾನು ಹೋದ ಯಾವ ಮನೇಲೂ ಈ ಪಾತ್ರೆ ಬೇಕು ಅಂದೋರಿಲ್ಲ. ಎಲ್ರೂ ಕೇಳಿದ್ದು ಒಂದೇ: ಮೊದಲು ನಿಲ್ಲಿಸೋರು ಯಾರು?"

"ನಾವು" ಎಂದರು ಚಂದ್ರಮತಮ್ಮ. "ಮುಂದಿನ ತಿಂಗಳು ನಮ್ಮ ಮಗಳ ಮದ್ವೆ. ಬರೋರು ಪಾತ್ರೆ ತಂದ್ರೆ ನಾನು ಬಾಗಿಲಲ್ಲೇ ಇಸ್ಕೊಳ್ಳಲ್ಲ." ಅಧ್ಯಕ್ಷರು ಏನು ಹೇಳಲು ಬಂದಿದ್ದರೋ, ಮೊದಲ ಬಾರಿಗೆ ಹೇಳದೆ ಕೂತರು.

ಎದ್ದು ಕೇಳಿದ್ದು ಒಬ್ಬ ಸದಸ್ಯ. "ಮುಯ್ಯಿ ಮಾತು ಸರಿ. ತನ್ನ ಮಾಲು ಕೆಟ್ಟದ್ದು ಅಂತ ತಾನೇ ಒಲೆ ಹಚ್ಚಿ ತೋರಿಸೋ ವ್ಯಾಪಾರಿ ಎಲ್ಲಿದಾನ್ರೀ?"

ಎಲ್ಲರ ಕಣ್ಣೂ ಮತ್ತೆ ಹಿಂದಿನ ಬೆಂಚಿಗೆ ಹೋಯಿತು. ಅಮ್ಮ ಎದ್ದಳು. ಸೆರಗು ಸರಿಮಾಡಿಕೊಂಡಳು. ಬಾಗಿಲು ದಾಟಿ ಹೊರಟುಹೋದಳು.

ಅಧ್ಯಕ್ಷರು ಕೊನೆಗೆ ತೀರ್ಮಾನ ಓದಿದರು. ಬರುವ ಶುಕ್ರವಾರ ಪರೀಕ್ಷೆ. ಪಾತ್ರೆ ವ್ಯಾಪಾರಿಗಳು ಒಲೆ ಹಚ್ಚಿದರೆ ಸಂತೆ ಉಳಿಯುತ್ತದೆ, ಅಕ್ಕ ಹೇಳಿದ್ದೇ ಕಾನೂನಾಗುತ್ತದೆ. ಹಚ್ಚದಿದ್ದರೆ ಸೊಪ್ಪು ತರಕಾರಿ. ಪಾತ್ರೆ ಸಾಲಿನವರು ಆಗಲೇ ಗುಸುಗುಸು ಶುರುಮಾಡಿದ್ದರು: ತಾಯಮ್ಮ ಹಚ್ಚಿದರೆ ನೋಡೋಣ, ತಾಯಮ್ಮನೇ ಹಚ್ಚದಿದ್ದರೆ ನಮಗೇನು ಹುಚ್ಚೇ?

ಶುಕ್ರವಾರದವರೆಗೂ ಅಮ್ಮ ಏನೂ ಹೇಳಲಿಲ್ಲ. ಅಮ್ಮನ ಮೌನವನ್ನು ಮಾತ್ರ ನನ್ನಿಂದ ಅಣಕಿಸಲಾಗಲಿಲ್ಲ. ಆ ದಿನ ನಾವು ಏಳುವಷ್ಟರಲ್ಲಿ ಅವಳು ಗಾಡಿ ಕಟ್ಟಿಸಿಕೊಂಡು ಹೋಗಿಯಾಗಿತ್ತು. ಅಕ್ಕ ಕಾಫಿಯನ್ನೂ ಕುಡಿಯದೆ ಚಪ್ಪಲಿ ಮೆಟ್ಟಿದಳು. ದಾರಿಯುದ್ದಕ್ಕೂ, "ಹಚ್ಚದಿದ್ರೂ ಬೈಬಾರ್ದು ಕಣೋ. ಅವಳು ಕಷ್ಟಪಟ್ಟು ಕಟ್ಟಿದ್ದು" ಎಂದು ಹೇಳುತ್ತಲೇ ಇದ್ದಳು. ನನಗೆ ಹೇಳುತ್ತಿದ್ದಳೋ, ತನಗೋ.

ಸಂತೆಯ ತಿರುವಿನಲ್ಲಿ ಹೊಗೆ ಕಂಡಿತು.

ಅಮ್ಮನ ಅಂಗಡಿಯ ಮುಂದೆ ಕಲ್ಲಿನ ಒಲೆ. ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಅನ್ನ ಕುದಿಯುತ್ತಿತ್ತು. ಪಕ್ಕದ ಕಂಬಕ್ಕೆ ಮುಯ್ಯಿ ಮಾಲನ್ನೆಲ್ಲ ಹುರಿ ಹಾಕಿ ಕಟ್ಟಿದ್ದಳು. "ಇದು ಒಲೆಗಲ್ಲ ಕಣ್ರವ್ವಾ, ಸೂರಿಗೆ! ಆಮೇಲೆ ತಾಯಮ್ಮ ಹೇಳ್ಲಿಲ್ಲ ಅನ್ಬೇಡಿ! ಒಲೆಗೆ ಬೇಕಂದ್ರೆ ಈ ಕಡೆ ಬನ್ನಿ, ಬೆಂದಿದ್ದು ನೋಡಿ ಕೊಳ್ಳಿ!" ಎಂದು ಕೂಗುತ್ತಿದ್ದಳು. ಸಾಲಿನ ಉಳಿದ ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಲ್ಲು, ಸೌದೆ ಹುಡುಕುತ್ತಿದ್ದರು. ಆಚೆ ಬದಿಯಲ್ಲಿ ಬೋರಲಿಂಗಯ್ಯನವರು ಹೊಸ ಗಾಜಿನ ಜೀಪಿಗೆ ಒರಗಿ ನಿಂತು ಕಣ್ಣುಜ್ಜಿಕೊಳ್ಳುತ್ತಿದ್ದರು. ಹೊಗೆ ಇರಬೇಕು.

ನಾವು ಜನರ ಹಿಂದೆ ನಿಂತೆವು. ಬೇರೆ ಹಳ್ಳಿಯಿಂದ ಬಂದಿದ್ದ ಒಬ್ಬ ಹೆಂಗಸು ಬುಟ್ಟಿಯನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸುತ್ತಾ ಗೊಣಗಿದಳು. "ಒಂದು ಪಾತ್ರೆ ಕೊಳ್ಳೋಕೆ ಅನ್ನ ಬೇಯೋಗಂಟ ಕಾಯ್ಬೇಕಾ? ಯಾವ ಪುಣ್ಯಾತ್ಮ ಮಾಡಿದ್ನವ್ವ ಈ ಕಾನೂನ?"

ಅಮ್ಮ ಮುಚ್ಚಳ ತೆಗೆದು, ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಪುರಸಭೆ ಎನ್ನಬಹುದಿತ್ತು, ಅಧ್ಯಕ್ಷರು ಎನ್ನಬಹುದಿತ್ತು.

"ನನ್ನ ಮಗಳು" ಎಂದಳು, ಸಂತೆಯ ಆ ತುದಿಗೂ ಕೇಳುವಂತೆ. "ಕೂತ್ಕೋ. ಬೆಂದಿದೆ, ಉಂಡು ಆಮೇಲೆ ಕೊಳ್ಳುವೆಯಂತೆ."